ದಿಂಬು ಹೊತ್ತುಕೊಂಡು ರೇಸ್ ನೋಡಲು ಹೋದದ್ದು

ನಂಜನಗೂಡಿನಲ್ಲಿ ಟೈರು ಅಂಗಡಿ ಇಟ್ಟಿದ್ದ ಶಿವಸ್ವಾಮಿ ಕುಳಿತ ಕಡೆಯಿಂದ ಏಳಬೇಕಾದರೆ ಮೂರು ಜನ ಬೇಕಾಗುತ್ತಿತ್ತು. ಮೈಯೇನೂ ಅಷ್ಟು ಭಾರವಿರಲಿಲ್ಲ. ಒಬ್ಬರು ಚಪ್ಪಲಿ ತಿರುಗಿಸಿ ಇಡಬೇಕು, ಇನ್ನೊಬ್ಬರು ದಿಂಬು ಎತ್ತಿಕೊಳ್ಳಬೇಕು, ಮತ್ತೊಬ್ಬರು ಸಾವ್ಕಾರ್ರು ಹೊರಟರು ಅಂತ ಹೊರಗೆ ಹೇಳಬೇಕು. ಅಂಗಡಿಯಲ್ಲಿ ಇದಕ್ಕೆ ಆಳುಗಳಿದ್ದರು. ಮನೆಯಲ್ಲಿ ಈ ಮೂರೂ ಕೆಲಸವನ್ನು ಅವನ ಹೆಂಡತಿ ಮಂಗಳಗೌರಿ ಒಬ್ಬಳೇ ಮಾಡುತ್ತಿದ್ದಳು.

ಆ ದಿಂಬಿನ ವಿಷಯ ಮೊದಲೇ ಹೇಳಿಬಿಡಬೇಕು. ಬೂರುಗದ ಹತ್ತಿ ತುಂಬಿದ, ನೀಲಿ ಗೀಟಿನ ಬಟ್ಟೆಯ ದಿಂಬು. ಹಿಂದೆ ಯಾವಾಗಲೋ ಅವನಿಗೆ ಮೂಲವ್ಯಾಧಿಯಾಗಿತ್ತು. ನಾಟಿ ಔಷಧಿಯಿಂದ ಅದು ವಾಸಿಯಾಗಿ ವರ್ಷಗಳೇ ಉರುಳಿದ್ದವು. ರೋಗ ಹೋಯಿತು, ದಿಂಬು ಉಳಿಯಿತು. ದಿಂಬಿನ ಮೇಲೆ ಕುಳಿತವನು ಪಕ್ಕದಲ್ಲಿ ಕುಳಿತವರಿಗಿಂತ ನಾಲ್ಕು ಬೆರಳು ಎತ್ತರ ಕಾಣುತ್ತಾನಲ್ಲ, ಆ ರುಚಿ ಹತ್ತಿಬಿಟ್ಟಿತ್ತು. ಮದುವೆ ಮನೆಗೂ ದಿಂಬು, ಮಠಕ್ಕೂ ದಿಂಬು, ಮಣ್ಣಿಗೆ ಹೋದಲ್ಲಿಗೂ ದಿಂಬು. ಹೆಣ ಎತ್ತುವ ಹೊತ್ತಿನಲ್ಲೂ ಇವನ ದಿಂಬು ಎಲ್ಲಿಡಬೇಕು ಅನ್ನುವುದೇ ಅಲ್ಲಿದ್ದವರಿಗೆ ಒಂದು ಯೋಚನೆ.

ಮಂಗಳಗೌರಿ ಬನ್ನೂರಿನ ಪುಟ್ಟಬಸವಯ್ಯನವರ ಮಗಳು. ಆ ಮನೆಯಲ್ಲಿ ಗದ್ದೆ ಉಳುವ ಎತ್ತು ಬೇರೆ, ಗಾಡಿ ಓಟಕ್ಕೆ ಸಾಕಿದ ಎತ್ತು ಬೇರೆ. ಓಟದ ಜೋಡಿಗೆ ಹುರುಳಿ ನೆನೆಸಿ ರುಬ್ಬುವುದು, ಹತ್ತಿಬೀಜ ಅರೆಯುವುದು, ಬೆಲ್ಲ ಕಲಸಿ ಉಂಡೆ ಕಟ್ಟುವುದು ಎಲ್ಲ ಅವಳದೇ. ಬೆಳ್ಳ, ಮುತ್ತ ಅಂತ ಹೆಸರು. ಅವಳ ಬಳೆ ಸದ್ದು ಕೇಳಿದರೆ ಕೊಟ್ಟಿಗೆಯಲ್ಲಿ ಎರಡೂ ತಲೆ ಎತ್ತುತ್ತಿದ್ದವು. ಆದರೆ ಓಟದ ದಿನ ಬಂತೆಂದರೆ ಅವಳನ್ನೂ ಅವಳ ತಾಯಿಯನ್ನೂ ಹಿತ್ತಲಿಗೆ ಕಳಿಸಿ ಅಗುಳಿ ಹಾಕುತ್ತಿದ್ದರು. ಓಟಕ್ಕೆ ಹೊರಟ ಎತ್ತಿಗೆ ಹೆಂಗಸು ಎದುರಾದರೆ ಕಾಲು ಕಟ್ಟುತ್ತದೆ ಅನ್ನುವುದು ಆ ಕಡೆಯವರ ನಂಬಿಕೆ. ಉಂಡೆ ತಿನ್ನಿಸುವಾಗ ಕಟ್ಟದ ಕಾಲು, ಸಗಣಿ ಬಾಚುವಾಗ ಕಟ್ಟದ ಕಾಲು, ಓಟದ ದಿನ ಮಾತ್ರ ಕಟ್ಟುತ್ತಿತ್ತು!

ಓಟ ನಡೆಯುತ್ತಿದ್ದದ್ದು ನಾಲೆಯ ಆಚೆ, ಕುಯ್ಲು ಮುಗಿದ ಗದ್ದೆಬಯಲಿನಲ್ಲಿ. ಹಿತ್ತಲ ಗೋಡೆಗೆ ಕಿವಿಯಿಟ್ಟು ನಿಂತರೆ ಮೊದಲು ತಮಟೆ ಕೇಳುತ್ತಿತ್ತು. ಆಮೇಲೆ ತಮಟೆ ನಿಂತು, ಅಷ್ಟು ಜನ ಸೇರಿದ ಬಯಲು ಒಂದೇ ಸಲ ಸದ್ದಡಗುತ್ತಿತ್ತು. ಆಮೇಲೆ ಒಬ್ಬನ ಕೂಗು, ಅದರ ಹಿಂದೆಯೇ ಗಾಲಿಯ ಗಡಗಡ. ಯಾವ ಜೋಡಿ ಮುಂದಿದೆ ಅಂತ ಗಾಲಿಯ ಸದ್ದಿನಿಂದಲೇ ಅವಳು ತಾಯಿಗೆ ಹೇಳುತ್ತಿದ್ದಳು. ಹೇಳಿದ್ದು ಸುಳ್ಳಾದದ್ದು ಕಡಿಮೆ. ಅವಳಿಗೆ ಬಂಗಾರ ಬೇಕು, ಪಟ್ಟೆ ಸೀರೆ ಬೇಕು ಅಂತ ಇರಲಿಲ್ಲ. ಬಯಲು ಸದ್ದಡಗುವ ಆ ಒಂದು ಗಳಿಗೆಯಲ್ಲಿ ಅಲ್ಲಿ ಏನಾಗುತ್ತದೆ, ಎತ್ತು ಹೇಗೆ ನಿಂತಿರುತ್ತದೆ, ಹೇಗೆ ಹಾರುತ್ತದೆ, ಅದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತಿತ್ತು, ಅಷ್ಟೆ. ಆ ಆಸೆ ಇಟ್ಟುಕೊಂಡೇ ಮೈನೆರೆದಳು, ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು ಅವರ ಮದುವೆಯನ್ನೂ ಮಾಡಿದಳು.

ಗಂಡನಾಗಿ ಸಿಕ್ಕವನು ಓಟಕ್ಕೆ ಹತ್ತಿರದವನೇ. ಅದೇ ತಮಾಷೆ. ಟ್ರ್ಯಾಕ್ಟರಿಗೆ, ಲಾರಿಗೆ, ಟೈರುಗಾಡಿಗೆ ಟೈರು ಮಾರುವವನಾದ್ದರಿಂದ ಸುತ್ತಿನ ರೈತರೆಲ್ಲ ಪರಿಚಯ. ಬನ್ನೂರಿನ ಓಟಕ್ಕೆ ಪ್ರತಿವರ್ಷ ಒಂದು ಹಿತ್ತಾಳೆ ಕಪ್ಪು ಕೊಡುತ್ತಿದ್ದ. ಕಪ್ಪು ಕೊಟ್ಟವನನ್ನು ಮುಖ್ಯ ಅತಿಥಿ ಅಂತ ಶಾಮಿಯಾನದ ಕೆಳಗೆ ಕೂರಿಸುತ್ತಿದ್ದರು. ಅವನು ಬಂದು, ದಿಂಬು ಹಾಕಿಸಿಕೊಂಡು, ಹಾರ ಹಾಕಿಸಿಕೊಂಡು ಕೂರುವವರೆಗೆ ಗಾಡಿ ಬಿಡುತ್ತಿರಲಿಲ್ಲ. ಇವನೋ, ಬೆಳಿಗ್ಗೆ ಅಂದರೆ ಮಧ್ಯಾಹ್ನ ಹೋಗುವವನು.

"ಎತ್ತು ಕಟ್ಟಿ ನಿಲ್ಲಿಸಿರ್ತಾರೆ, ಬಿಸ್ಲು. ಸ್ವಲ್ಪ ಬೇಗ ಹೊರಡಬಾರ್ದಾ?" ಅಂತ ಮಂಗಳಗೌರಿ ಅಂದರೆ, "ದೊಡ್ಡವ್ರು ಬೇಗ ಹೋದ್ರೆ ದೊಡ್ಡಸ್ತಿಕೆ ಏನೇ ಉಳೀತು? ಎತ್ತು ನಿಂತ್ಕೊಳ್ಳೋಕೇ ಇರೋದು," ಅನ್ನುತ್ತಿದ್ದ.

ಅವಳ ಅಪ್ಪ ಪುಟ್ಟಬಸವಯ್ಯನವರು ಬದುಕಿದ್ದಾಗ ಒಂದು ವರ್ಷ ಅವರ ಜೋಡಿಯೇ ನೊಗ ಹೊತ್ತು ಬಿಸಿಲಲ್ಲಿ ನಿಂತಿತ್ತು. ಬಾಯಲ್ಲಿ ನೊರೆ. ಸಂಘದವರು ವಾಚು ನೋಡಿಕೊಂಡು, ಅಳಿಯಂದಿರು ಎಲ್ಲಿವರೆಗೆ ಬಂದಿದ್ದಾರೆ ಅಂತ ಕೇಳಿದರಂತೆ. "ನನ್ನ ಅಳಿಯ ಎಲೆ ಅಡಿಕೆಗೆ ಸುಣ್ಣ ಅಚ್ತಾವ್ನೆ. ಸುಣ್ಣ ಮುಗುದ್ರೆ ಎದ್ದಾನು," ಅಂದು ಅವರು ನೊಗ ಕಳಚಿ ಎತ್ತು ಹೊಡೆದುಕೊಂಡು ಮನೆಗೆ ಬಂದುಬಿಟ್ಟರಂತೆ. ಆಮೇಲೆ ಅವರು ಓಟಕ್ಕೆ ಎತ್ತು ಕಟ್ಟಲಿಲ್ಲ. ಈ ಮಾತನ್ನು ಗಂಡನೇ ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕ. ಮಂಗಳಗೌರಿ ನಗಲಿಲ್ಲ.

ತಾನೂ ಬರುತ್ತೇನೆ ಅಂತ ಅವಳು ಎಷ್ಟೋ ವರ್ಷ ಕೇಳಿದ್ದಳು. "ಹೆಂಗಸ್ರು ಯಾರೂ ಬರಲ್ಲ ಕಣೆ. ನೀನು ಬುತ್ತಿ ಕಟ್ಟು," ಅನ್ನುವುದು ಅವನ ಉತ್ತರ. ಕೊನೆಕೊನೆಗೆ ಕೇಳುವುದನ್ನು ಬಿಟ್ಟಳು. ಬುತ್ತಿ ಕಟ್ಟುವುದನ್ನು ಬಿಡುವ ಹಾಗಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ, ದಸರಾ ಕಳೆದಿತ್ತು. ಟೈರು ಕಂಪನಿಯವನೊಬ್ಬ ಅಂಗಡಿಗೆ ಬಂದು, ಕೊಯಮತ್ತೂರಿನ ಹೊರಗೆ ಕಾರಿನ ರೇಸು ನಡೆಯುತ್ತದೆ, ಶನಿವಾರ ಭಾನುವಾರ ಎರಡು ದಿನ, ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರಿಗೆ ದಂಪತಿ ಸಮೇತ ಬರಲು ಪಾಸು ಅಂತ ಕೊರಳಿಗೆ ಹಾಕಿಕೊಳ್ಳುವ ಎರಡು ಕಾರ್ಡು ಕೊಟ್ಟುಹೋದ. ಲಾಡ್ಜಿನ ಖರ್ಚೂ ಕಂಪನಿಯದೇ.

ಶಿವಸ್ವಾಮಿಗೆ ಪಕ್ಕದ ಸಿಮೆಂಟು ಅಂಗಡಿಯ ಸ್ನೇಹಿತನನ್ನು ಕರೆದುಕೊಂಡು ಹೋಗುವ ಮನಸ್ಸಿತ್ತು. ಕಾರ್ಡಿನ ಮೇಲೆ ಮಿಸೆಸ್ ಅಂತ ಅಚ್ಚು ಹಾಕಿಬಿಟ್ಟಿದ್ದರು. ಸಿಮೆಂಟು ಅಂಗಡಿಯವನಿಗೆ ದಪ್ಪ ಮೀಸೆ ಇತ್ತು. ಏನೂ ಮಾಡುವ ಹಾಗಿರಲಿಲ್ಲ.

"ಗೌರೀ, ನಿನ್ನನ್ನೇ ಕರ್ಕೊಂಡು ಹೋಗಬೇಕಂತೆ," ಅಂತ ಸಂಜೆ ಮನೆಗೆ ಬಂದು ಹೇಳಿದ, ಪುರಸಭೆಯವರು ಏನೋ ತೆರಿಗೆ ಹಾಕಿದ ಹಾಗೆ.

"ಎಲ್ಲಿಗೆ?"

"ಕಾರು ಓಡಿಸ್ತಾರಂತೆ. ರೇಸು."

ಮಂಗಳಗೌರಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಬಿಡೋದು ಕಾಣುತ್ತಾ?"

"ಏನು ಬಿಡೋದು?"

"ಎಲ್ಲಾ ಸಾಲಾಗಿ ನಿಲ್ಸಿ ಒಂದೇ ಸಲ ಬಿಡ್ತಾರಲ್ಲ, ಅದು."

"ಎಲ್ಲಾ ಕಾಣುತ್ತೆ. ಮುಂದಿನ ಸಾಲಿನ ಪಾಸು ಕಣೆ ಇದು. ಆದ್ರೆ ಒಂದು ಮಾತು, ಹೋಗೋದಾದ್ರೆ ಸುಖವಾಗಿ ಹೋಗಿ ಸುಖವಾಗಿ ಬರಬೇಕು. ಅವಸರ ಪಡೋ ಹಾಗಿಲ್ಲ."

"ಓಟ ನೋಡೋಕೆ ಹೋಗೋದು ರೀ. ಅವಸರ ಪಡದೆ ಹೋಗೋಕೆ ಅದೇನು ಒಸಗೆ ಮನೆಯಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಅಲ್ಲಿಂದ ಸುಖದ ಏರ್ಪಾಟು ಶುರುವಾಯಿತು. ಆ ಏರ್ಪಾಟಿನ ಸಂಭ್ರಮ ನೋಡಿದ್ದರೆ ಮೈಸೂರಿನ ಅರಮನೆಯವರೂ ನಾಚಿಕೊಳ್ಳಬೇಕಿತ್ತು. ಲಾಡ್ಜಿನ ರೂಮು ನೆಲ ಅಂತಸ್ತಿನಲ್ಲೇ ಇರಬೇಕು, ಮೆಟ್ಟಿಲು ಆಗದು. ಏಸಿ ಇರಬೇಕು, ಆದರೆ ಥಂಡಿ ಆಗಬಾರದು. ಥಂಡಿಯಾದರೆ ಹೊದೆಯಲು ಶಾಲು ಬೇಕು, ಶಾಲು ಚುಚ್ಚಿದರೆ ಒಳಗೆ ಹಳೆ ಪಂಚೆ ಬೇಕು. ತಮಿಳುನಾಡಿನ ನೀರು ಗಂಟಲಿಗೆ ಹಿಡಿಯುತ್ತದೆ, ಕಪಿಲೆಯ ನೀರೇ ಕ್ಯಾನಿನಲ್ಲಿ ಬರಬೇಕು. ಹೋಟೆಲಿನ ಊಟ ಹೊಟ್ಟೆಗಾಗದು, ಹುಳಿಯನ್ನ, ಮೊಸರನ್ನ, ಚಪಾತಿ, ಒಣಚಟ್ನಿ, ಮೇಲೆ ಬಾಯಾಡಿಸಲು ಕೋಡುಬಳೆ, ಅದು ಗಟ್ಟಿಯಾದರೆ ಅಂತ ಜೊತೆಗೆ ರವೆ ಉಂಡೆ. ಅವನ ಸುಖ ಅಂದರೆ ಅವಳ ಸೊಂಟನೋವು. ಕೋಡುಬಳೆ ಹೊಸೆಯುತ್ತ ಕುಳಿತವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಓಟ ಎಷ್ಟೊತ್ತಿಗಂತೆ?"

"ಹತ್ತು ಗಂಟೆ ಅಂತ ಹಾಕವ್ರೆ. ಹತ್ತು ಅಂದ್ರೆ ಹನ್ನೆರಡು. ನಾವು ಕಂಪನಿ ಅತಿಥಿಗಳು ಕಣೆ, ನಾವೆಲ್ಲ ಹೋಗಿ ಕೂತ್ಕೊಂಡ ಮೇಲೆ ತಾನೇ ಬಿಡೋದು? ಖಾಲಿ ಕುರ್ಚಿ ಮುಂದೆ ಯಾರಾದ್ರೂ ರೇಸ್ ಬಿಡ್ತಾರಾ?"

ಇಪ್ಪತ್ತು ವರ್ಷ ಬನ್ನೂರಿನ ಶಾಮಿಯಾನದ ಕೆಳಗೆ ಕುಳಿತವನಿಗೆ ಪ್ರಪಂಚದ ಓಟವೆಲ್ಲ ತನ್ನ ಹಾರಕ್ಕೆ ಕಾಯುತ್ತದೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಬಾವಿಯೊಳಗಿನ ಕಪ್ಪೆಯಾದರೂ ವಾಸಿ, ಅದು ಬಾವಿಗೆ ತಾನೇ ಮುಖ್ಯ ಅತಿಥಿ ಅನ್ನುವುದಿಲ್ಲ.

ಕಾರು ಬಾಡಿಗೆಯದು. ತಾಂಡ್ಯದ ಕಾರ್ಖಾನೆಗೆ ಜನ ಸಾಗಿಸುತ್ತಿದ್ದ ರವಿಕುಮಾರನ ಕ್ವಾಲಿಸ್. ಅವನು ಗಾಡಿ ತೋರಿಸಲು ಅಂಗಡಿ ಮುಂದೆ ತಂದು ನಿಲ್ಲಿಸಿದಾಗ ಶಿವಸ್ವಾಮಿ ಕೇಳಿದ: "ಸೀಟು ಹಿಂದಕ್ಕೆ ಬಗ್ಗುತ್ತೇನೋ?"

"ಬಗ್ತದೆ ಸಾ."

"ಪೂರ್ತಿ?"

"ಪೂರ್ತಿ ಬಗ್ಗುದ್ರೆ ಅದ್ನ ಸೀಟು ಅನ್ನಲ್ಲ ಸಾ, ಮಂಚ ಅಂತಾರೆ."

ನಂಬಿಕೆಯಾಗಲಿಲ್ಲ. ದಿಂಬು ತರಿಸಿ, ಹಿಂದಿನ ಸೀಟಿನಲ್ಲಿ ಹಾಕಿಸಿ, ಒರಗಿ ನೋಡಿದ. ಒರಗಿದವನಿಗೆ ಅಲ್ಲೇ ನಿದ್ದೆ ಬಂತು. ಸೋಸಲೆಯಿಂದ ಟ್ರ್ಯಾಕ್ಟರಿನ ಟೈರು ಕೊಳ್ಳಲು ಬಂದಿದ್ದವರು ಇಬ್ಬರು, ಸಾವ್ಕಾರ ಕಾರಿನಲ್ಲಿ ಗೊರಕೆ ಹೊಡೆಯುವುದನ್ನು ಕಿಟಕಿಯಿಂದ ಬಗ್ಗಿ ನೋಡಿ, ಬೇರೆ ಅಂಗಡಿಗೆ ಹೋದರು.

ಶನಿವಾರ ಕೋಳಿ ಕೂಗುವುದಕ್ಕೆ ಮುಂಚೆ ಮಂಗಳಗೌರಿ ಎದ್ದು ಅಡಿಗೆ ಮುಗಿಸಿ, ಬುತ್ತಿ ಕಟ್ಟಿ, ಹಸಿರು ಅಂಚಿನ ಸೀರೆ ಉಟ್ಟು ಜಗಲಿಯ ಮೇಲೆ ಕುಳಿತಳು. ರವಿಕುಮಾರನೂ ಬಂದ. ಸೂರ್ಯ ಬಂದ. ಶಿವಸ್ವಾಮಿ ಮಾತ್ರ ಬರಲಿಲ್ಲ. ಸ್ನಾನ, ಲಿಂಗಪೂಜೆ, ತಿಂಡಿ, ತಿಂಡಿಯ ಮೇಲೆ ಒಂದು ಸುತ್ತು ಕಾಫಿ, ಕಾಫಿಯ ಮೇಲೆ ಅಂಗಡಿಗೆ ಹೋಗಿ, ತಾನು ರೇಸಿಗೆ ಹೋಗುತ್ತಿರುವುದನ್ನು ಇನ್ನೂ ಕೇಳಿಲ್ಲದವರು ಯಾರಾದರೂ ಉಳಿದಿದ್ದಾರೋ ಅಂತ ವಿಚಾರಿಸಿ ಬರುವುದು. ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು.

ಚಾಮರಾಜನಗರದಲ್ಲಿ ನೆಂಟರ ಮನೆ ಮುಂದೆ ಗಾಡಿ ನಿಲ್ಲಿಸಿದ. ಅಲ್ಲಿ ಮಜ್ಜಿಗೆ. ರೇಸಿನ ವಿಷಯ ಅಲ್ಲಿಯೂ ಒಮ್ಮೆ. ದಿಂಬಂ ಘಾಟಿಯ ತಿರುವುಗಳಲ್ಲಿ ತಲೆ ಸುತ್ತುತ್ತದೆ ಅಂತ ನಾಲ್ಕು ಕಡೆ ನಿಲ್ಲಿಸಿದ. ಕೆಳಗಿಳಿದ ಮೇಲೆ ಹುಣಸೆ ಮರದ ನೆರಳಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚಿಸಿದ, ಉಂಡ, ಕೈ ತೊಳೆದ, ಮಲಗಿದ. ನೊಣ ಅಟ್ಟಲು ಹೆಂಡತಿ ಇದ್ದಳಲ್ಲ.

ರವಿಕುಮಾರ ದೂರದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹೇಳಿದ: "ಅವ್ವಾರೇ, ಇವತ್ತೂ ಓಡುಸ್ತಾರಂತೆ ಅಲ್ಲಿ. ಈಗ ಒಂಟ್ರೆ ಕೊನೇದಾರಾ ಸಿಕ್ತಿತ್ತು."

"ನನ್ಗೇನು ಹೇಳ್ತೀಯಪ್ಪ. ಅಲ್ಲಿ ಮಲಗೈತಲ್ಲ ಬೆಟ್ಟ, ಅದಕ್ಕೆ ಹೇಳು."

ಕೊಯಮತ್ತೂರು ಸೇರಿದಾಗ ಬೀದಿದೀಪ ಹತ್ತಿತ್ತು. ಲಾಡ್ಜಿನ ಬಾಗಿಲಲ್ಲಿ ಬೇರೆ ಊರಿನ ಅಂಗಡಿಯವರು, ಅವರ ಹೆಂಡತಿಯರು, ಆಗಲೇ ಮೈದಾನದಿಂದ ಬಂದು ಕೆಂಪಗೆ ಸುಟ್ಟ ಮುಖ ಹೊತ್ತು ನಗುತ್ತ ನಿಂತಿದ್ದರು. ಆ ಹೆಂಗಸರ ಸೀರೆಯ ಅಂಚಿನ ಮೇಲಿದ್ದ ಧೂಳನ್ನು ಮಂಗಳಗೌರಿ ನೋಡಿಯೇ ನೋಡಿದಳು. ಅವಳಿಗೆ ಹೊಟ್ಟೆಕಿಚ್ಚಾದದ್ದು ಜೀವಮಾನದಲ್ಲಿ ಆ ಧೂಳನ್ನು ಕಂಡು ಮಾತ್ರ.

"ಇವತ್ತಿನ ದಿನ ಹೋಯ್ತು," ಅಂದಳು.

"ಇವತ್ತು ಬರೀ ಪ್ರಾಕ್ಟೀಸು ಕಣೆ. ಓಟಕ್ಕೆ ಮುಂಚೆ ಎತ್ತು ನಡೆಸಿ ತೋರಿಸ್ತಾರಲ್ಲ, ಹಾಗೆ. ನಾಳೆ ಇರೋದು ಹಬ್ಬ," ಅಂದ ಶಿವಸ್ವಾಮಿ. ಹಾಸಿಗೆ ಒತ್ತಿ ನೋಡಿದ, ಮೆತ್ತಗಿರಲಿಲ್ಲ. ಲಾಡ್ಜಿನವರ ಎರಡು ದಿಂಬಿನ ಮೇಲೆ ತನ್ನ ದಿಂಬನ್ನೂ ಪೇರಿಸಿಕೊಂಡು ಮಲಗಿದ.

ಭಾನುವಾರ ಬೆಳಿಗ್ಗೆ ಎಲ್ಲ ರೂಮಿನವರೂ ಲಗುಬಗೆಯಿಂದ ಹೊರಟರು. ಇವನಿಗೆ ಬಿಸಿನೀರು ಸಾಲದಾಯಿತು. ಮತ್ತೆ ಬಕೆಟ್ ತರಿಸಿದ. ಮನೆಯಲ್ಲಿ ಬೇಗ ಮುಗಿಯುತ್ತಿದ್ದ ಪೂಜೆ, ನೋಡುವವರು ಹೊಸಬರು ಅಂತಲೋ ಏನೋ, ಬಾಗಿಲು ತೆಗೆದಿಟ್ಟುಕೊಂಡೇ ಉದ್ದವಾಯಿತು. ಶಿವನಾದರೂ ಸಾಕು ಏಳಪ್ಪ ಅನ್ನಬೇಕಿತ್ತು. ಪೂಜೆಯಾದ ಮೇಲೆ ಚಪಾತಿ, ರವೆ ಉಂಡೆ. ಆಮೇಲೆ ಶಿವಸ್ವಾಮಿ ತಿಂದದ್ದು ಇಳಿಯಲಿ ಅಂತ ಅಡ್ಡಾದ.

ಮಂಗಳಗೌರಿ ಕೊರಳಿಗೆ ಕಾರ್ಡು ಹಾಕಿಕೊಂಡು ಮಂಚದ ತುದಿಯಲ್ಲಿ ಕುಳಿತಿದ್ದಳು. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ ಸದ್ದು ಅವಳಿಗೆ ಈಗ ಕೇಳಿದ ಹಾಗಿತ್ತು. ಆಗ ಹಾಕಿದವನು ಅಪ್ಪ, ಇಲ್ಲಿ ಅಗುಳಿಯೇ ಬೇಕಿರಲಿಲ್ಲ. ಗಂಡನ ಹೊಟ್ಟೆಯೇ ಸಾಕಾಗಿತ್ತು.

ರವಿಕುಮಾರ ಬಾಗಿಲಲ್ಲಿ ಬಂದು ನಿಂತ. "ಅವ್ವಾರೇ, ಎಲ್ರೂ ಓದ್ರು. ಸುರು ಮಾಡ್ಬುಡ್ತಾರೆ."

ಅವಳು ಗಂಡನ ಭುಜ ಅಲುಗಿಸಿದಳು. "ರೀ, ಏಳಿ. ಬಿಟ್ಟುಬಿಡ್ತಾರಂತೆ."

"ನಾವು ಹೋಗೋವರ್ಗೂ ಬಿಡಲ್ಲ ಕಣೆ," ಅಂದ, ಕಣ್ಣು ತೆರೆಯದೆ.

ಮಂಗಳಗೌರಿ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀವು ಮಲಗಿ. ನಾನು ಮುಂದೆ ಹೋಗಿ, ನಮ್ಮ ಸಾವ್ಕಾರ್ರು ಬತ್ತಾವ್ರೆ, ಗಾಡಿ ನಿಲ್ಸ್ಕೊಂಡಿರಿ ಅಂತ ಹೇಳಿರ್ತೀನಿ."

ಯಾವ ಗಂಡಸಿಗಾದರೂ ಆ ಮಾತಿನ ಕಾವು ತಟ್ಟಬೇಕಿತ್ತು. ಶಿವಸ್ವಾಮಿ ಮಗ್ಗುಲು ಬದಲಾಯಿಸಿ, "ಹಾಂ, ಹಾಗೆ ಮಾಡು. ಮುಂದಿನ ಸಾಲು ಅಂತ ಗಟ್ಟಿಯಾಗಿ ಹೇಳು. ಕಾರು ವಾಪಸ್ ಕಳ್ಸು," ಅಂದ.

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಬುತ್ತಿಯನ್ನಾಗಲಿ ನೀರಿನ ಕ್ಯಾನನ್ನಾಗಲಿ ಮುಟ್ಟಲಿಲ್ಲ. ಮದುವೆಯಾದ ಮೇಲೆ ಬರಿಗೈಯಲ್ಲಿ ಅವಳು ಹೊಸಲು ದಾಟಿದ್ದು ಅದೇ ಮೊದಲು.

ದಾರಿಯಲ್ಲಿ ರವಿಕುಮಾರ, "ನಾನೂ ನೋಡ್ಬೇಕಿತ್ತು ಕನ್ರವ್ವ. ವಾಪಸ್ ಓಗಿ ಸಾವ್ಕಾರ್ರ ಕರ್ಕ ಬರೋದ್ರಲ್ಲಿ ಮುಗ್ದೋಯ್ತದೆ," ಅಂದ.

"ಮೊದಲ್ನೇದು ನೋಡ್ಕೊಂಡು ಹೋಗು. ಅವರ ತಿಂಡಿ ಅಷ್ಟು ಬೇಗ ಇಳಿಯಲ್ಲ."

ಮೈದಾನದಲ್ಲಿ ಮೊದಲು ಬಂದದ್ದು ವಾಸನೆ. ಸುಟ್ಟ ರಬ್ಬರಿನದು. ಗಂಡನ ಅಂಗಡಿಯಲ್ಲಿ ಅದೇ ರಬ್ಬರು ಸತ್ತು ಬಿದ್ದಿರುತ್ತಿತ್ತು, ಇಲ್ಲಿ ಅದಕ್ಕೆ ಜೀವ ಬಂದಿತ್ತು. ಕಬ್ಬಿಣದ ಮೆಟ್ಟಿಲುಗಳ ಮೇಲೆ ಮುಂದಿನ ಸಾಲಿನಲ್ಲಿ ಅವಳನ್ನು ಕೂರಿಸಿದರು. ಕೆಳಗೆ ಕಾರುಗಳು, ಮಿಡತೆಯಂಥವು, ಚಕ್ರವೆಲ್ಲ ಹೊರಗೆ, ಸಾಲಾಗಿ ಬಂದು ನಿಂತವು. ರಸ್ತೆಯ ಪಕ್ಕದಲ್ಲಿ ಪ್ಯಾಂಟು ಹಾಕಿದ ಹುಡುಗಿಯೊಬ್ಬಳು ಬಾವುಟ ಹಿಡಿದು ನಿಂತಿದ್ದಳು. ಅಷ್ಟೂ ಕಾರಿಗೆ ಎದುರಾಗಿಯೇ ನಿಂತಿದ್ದಳು. ಒಂದರ ಚಕ್ರವೂ ಕಟ್ಟಿದ ಹಾಗೆ ಕಾಣಲಿಲ್ಲ.

ಇಲ್ಲಿ ಶಾಮಿಯಾನವಿರಲಿಲ್ಲ, ಹಾರವಿರಲಿಲ್ಲ, ದಿಂಬಿರಲಿಲ್ಲ. ಯಾರು ಬಂದರು, ಯಾರು ಬರಬೇಕು ಅಂತ ಯಾರೂ ಕೇಳಲಿಲ್ಲ. ಅವಳ ಪಕ್ಕದ ಕುರ್ಚಿ, ಶಿವಸ್ವಾಮಿಯ ಕುರ್ಚಿ, ಖಾಲಿಯೇ ಇತ್ತು. ಅದರ ಕಡೆ ಒಬ್ಬನಾದರೂ ತಿರುಗಿ ನೋಡಿದ್ದರೆ ಕೇಳಿ.

ಕೆಂಪು ದೀಪ ಹತ್ತಿತು. ಅಲ್ಲಿ ಬನ್ನೂರಿನ ಮೌನ ಇರಲಿಲ್ಲ. ಆದರೆ ಅಷ್ಟು ಇಂಜಿನ್ನುಗಳ ಸದ್ದೆಲ್ಲ ಒಂದಾಗಿ, ಏರದೆ ಇಳಿಯದೆ, ಉಸಿರು ಬಿಗಿಹಿಡಿದು ನಿಂತಿತು. ಅಭ್ಯಾಸಬಲ, ಮಂಗಳಗೌರಿ ಕಣ್ಣು ಮುಚ್ಚಿಕೊಂಡು ಕಿವಿ ಕೊಟ್ಟಳು. ಮರುಗಳಿಗೆಯೇ, ಅಯ್ಯೋ ಹುಚ್ಚಿ, ಇಲ್ಲಿ ಗೋಡೆ ಇಲ್ಲವಲ್ಲೇ, ಅಂತ ತನ್ನನ್ನೇ ಬೈದುಕೊಂಡು ಕಣ್ಣು ಬಿಟ್ಟಳು.

ದೀಪ ಆರಿತು. ಬಿಟ್ಟರು.

ಆಮೇಲೆ ಅವಳು ಏನೇನು ಕೂಗಿದಳೋ ಅವಳಿಗೇ ತಿಳಿಯದು. ಹಳದಿ ಕಾರೊಂದನ್ನು ತನ್ನದು ಅಂದುಕೊಂಡಳು. ಅದು ಮುಂದಿನದರ ಬಾಲ ಹಿಡಿದು ತಿರುವಿನಲ್ಲಿ ಒಳಗೆ ನುಗ್ಗಿದಾಗ, "ಬಾರೋ ಬೆಳ್ಳಾ! ಬಾರೋ ನನ್ನಪ್ಪಾ!" ಅಂತ ಎದ್ದು ನಿಂತು ಸೆರಗು ಬೀಸಿದಳು. ಇನ್ನೊಂದು ಪಕ್ಕದಲ್ಲಿದ್ದ ತಮಿಳು ಹೆಂಗಸು ಮೊದಲು ಬೆರಗಾಗಿ ನೋಡಿ, ಆಮೇಲೆ ತಾನೂ ಎದ್ದು, ಅರ್ಥ ತಿಳಿಯದೆ, "ಬಾರೋ ಬೆಳ್ಳಾ!" ಅಂತ ಕೂಗಿದಳು. ಹಳದಿ ಕಾರು ಗೆಲ್ಲಲಿಲ್ಲ, ಎರಡನೆಯದಾಯಿತು. ಗೆದ್ದರೆಷ್ಟು ಬಿಟ್ಟರೆಷ್ಟು, ಆಮೇಲೆ ಇನ್ನೂ ಓಟಗಳಿದ್ದವು. ಒಂದೊಂದನ್ನೂ ಬಿಡುವಾಗ ಅವಳು ರೆಪ್ಪೆ ಅಲುಗಿಸಲಿಲ್ಲ.

ಶಿವಸ್ವಾಮಿ ಬಂದಾಗ ಆಳುಗಳು ಬಾವುಟಗಳನ್ನು ಸುತ್ತಿ ಕಟ್ಟುತ್ತಿದ್ದರು. ಜರಿಯಂಚಿನ ಪಂಚೆ, ಹಣೆ ತುಂಬ ವಿಭೂತಿ, ಭುಜದ ಮೇಲೆ ಶಾಲು. ಅವನ ಹಿಂದೆ ರವಿಕುಮಾರ, ಒಂದು ಕಂಕುಳಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ನೀರಿನ ಕ್ಯಾನು.

ಶಿವಸ್ವಾಮಿ ಖಾಲಿ ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ನೋಡಿ, "ಇನ್ನೂ ಶುರು ಮಾಡಿಲ್ವಾ?" ಅಂದ.

"ಮುಗೀತು," ಅಂದಳು ಮಂಗಳಗೌರಿ.

"ಮುಗೀತಾ? ನಿಲ್ಸಿ ಅಂತ ಹೇಳಲಿಲ್ವೇನೇ ನೀನು?"

"ಹೇಳ್ದೆ. ಅವ್ರಿಗೆ ಕನ್ನಡ ಬರಲ್ಲವಂತೆ."

ರವಿಕುಮಾರ ದಿಂಬಿನಲ್ಲಿ ಮುಖ ಹುದುಗಿಸಿಕೊಂಡ.

ಅಷ್ಟು ದೂರ ಬಂದು ಕೂರದೆ ಹೋಗುವುದು ಹೇಗೆ? ದಿಂಬು ಹಾಕಿಸಿ, ಜನವಿಲ್ಲದ ಮೆಟ್ಟಿಲುಗಳ ಮೇಲೆ ಒಬ್ಬನೇ ಕುಳಿತು, ಫ್ಲಾಸ್ಕಿನ ಕಾಫಿ ಕುಡಿದ. ಲಾರಿಗೆ ಹತ್ತಿಸಲು ನಿಲ್ಲಿಸಿದ್ದ ಒಂದು ಕಾರಿನ ಮೇಲೆ ಕೈಯಿಟ್ಟು ಫೋಟೋ ಹಿಡಿಸಿಕೊಂಡ.

ನಂಜನಗೂಡಿಗೆ ಬಂದ ಮೇಲೆ ಆ ಫೋಟೋ ಅಂಗಡಿಯ ಗೋಡೆ ಏರಿತು. ಶಿವಸ್ವಾಮಿ ಬಂದವರಿಗೆಲ್ಲ ರೇಸು ಬಣ್ಣಿಸಿದ. "ಏನ್ ಸ್ಪೀಡು ಅಂತೀರಿ! ಕಣ್ಣಿಗೆ ಕಾಣ್ಲೇ ಇಲ್ಲ!" ಅನ್ನುತ್ತಿದ್ದ. ಪಾಪ, ಅದೊಂದು ಮಾತ್ರ ನಿಜ. ಒಂದು ಸಂಜೆ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ಸಿಮೆಂಟು ಅಂಗಡಿಯವನು, "ಅದಿರ್ಲಿ, ಗೆದ್ದೋರ್ಯಾರು?" ಅಂತ ಕೇಳಿದ. ಶಿವಸ್ವಾಮಿ ಒಳಗೆ ತಿರುಗಿ, "ಗೌರೀ, ಯಾರೇ ಅವನು, ಹೆಸರು ನಾಲಿಗೆ ಮೇಲೇ ಇದೆ," ಅಂದ.

ಮಂಗಳಗೌರಿ ಕಾಫಿ ಲೋಟಗಳನ್ನು ತಂದಿಟ್ಟು ಸಿಮೆಂಟು ಅಂಗಡಿಯವನ ಕಡೆ ತಿರುಗಿದಳು. "ನಿಮ್ಮ ಸ್ನೇಹಿತ್ರೇ ಗೆದ್ರು ಕಣ್ರೀ. ಅವ್ರು ಬಂದಾಗ ರಸ್ತೇಲಿ ಇನ್ಯಾರೂ ಇರ್ಲೇ ಇಲ್ಲ."

ಸಂಕ್ರಾಂತಿ ಕಳೆಯಿತು. ಬನ್ನೂರಿನ ಬಯಲಲ್ಲಿ ಓಟ ಗೊತ್ತಾಯಿತು. ಎಂದಿನಂತೆ ಕಪ್ಪು, ಎಂದಿನಂತೆ ಮುಖ್ಯ ಅತಿಥಿ. ಓಟದ ದಿನ ಬೆಳಿಗ್ಗೆ ಶಿವಸ್ವಾಮಿ ಎದ್ದಾಗ ಅಡಿಗೆಮನೆಯಲ್ಲಿ ಬುತ್ತಿ ಇತ್ತು, ದಿಂಬು ಜಗಲಿಯ ಮೇಲಿತ್ತು, ಹೆಂಡತಿ ಇರಲಿಲ್ಲ. ಅವಳು ಮೊದಲ ಬಸ್ಸಿಗೆ ತಿರುಮಕೂಡಲಿಗೆ ಹೋಗಿ, ಅಲ್ಲಿಂದ ಬನ್ನೂರಿನ ಬಸ್ಸು ಹಿಡಿದಿದ್ದಳು.

ತವರಿನಲ್ಲಿ ಕಾಲು ತೊಳೆದು, ಅಣ್ಣನ ಹೆಂಡತಿ ಚನ್ನಬಸಮ್ಮನನ್ನು, "ಬಾ ಅತ್ತಿಗೆ, ಓಟ ನೋಡೋಣ," ಅಂತ ಕರೆದಳು.

"ಅಯ್ಯೋ, ನಾವಾ? ಜನ ಏನಂದ್ಕಂಡಾರು ಗೌರಿ!"

"ಅಂದ್ಕೊಳ್ಳೋಕೆ ಅವ್ರಿಗೆ ಪುರಸೊತ್ತಿದ್ರೆ ಅಂದ್ಕೊಳ್ಳಲಿ, ಬಾ."

ಇಬ್ಬರೂ ನಾಲೆ ದಾಟಿ ಬಯಲಿಗೆ ಬಂದರು. ಗಂಡಸರ ಗುಂಪು ದಾರಿ ಬಿಟ್ಟಿತು. ದಾರಿ ಬಿಟ್ಟದ್ದು ಗೌರವಕ್ಕಲ್ಲ, ಗಾಬರಿಗೆ. ಮಂಗಳಗೌರಿ ನೆಟ್ಟಗೆ ಶಾಮಿಯಾನಕ್ಕೆ ಹೋಗಿ, ಮುಖ್ಯ ಅತಿಥಿಯ ಕುರ್ಚಿಯ ಪಕ್ಕದಲ್ಲಿ ಕುಳಿತಳು. ಮುಂದೆ ಎರಡು ಗಾಡಿ ಕಟ್ಟಿ ನಿಂತಿದ್ದವು. ಬಿಸಿಲು ಏರುತ್ತಿತ್ತು. ಎಡಗಡೆಯ ಬಿಳಿ ಎತ್ತು ಒಂದು ಕಾಲು ಎತ್ತಿ ಇಡುತ್ತ, ಇನ್ನೊಂದು ಎತ್ತಿ ಇಡುತ್ತ ಒದ್ದಾಡುತ್ತಿತ್ತು. ಬಾಯಲ್ಲಿ ನೊರೆ.

ಓಟದ ಸಂಘದ ಸಣ್ಣಯ್ಯ ಹಸಿರು ಟವಲು ಹಿಡಿದು ವಾಚು ನೋಡಿಕೊಳ್ಳುತ್ತಿದ್ದ. "ಸಾವ್ಕಾರ್ರು ಎಲ್ಲಿವರ್ಗೆ ಬಂದವ್ರವ್ವ?" ಅಂತ ಕೇಳಿದ.

"ಸುಣ್ಣ ಹಚ್ತಾವ್ರೆ," ಅಂದಳು ಮಂಗಳಗೌರಿ. "ಬುಡಿ ಗಾಡಿಯ."

"ಅದೆಂಗಾದದು? ಕಪ್ಪು ಕೊಟ್ಟೋರು ಅವ್ರು. ಬರ್ಲಿ."

"ಕಪ್ಪು ಗೆದ್ದೋರಿಗಾ, ಕೊಟ್ಟೋರಿಗಾ? ಎತ್ತಿನ ಬಾಯಿ ನೋಡು ಸಣ್ಣಯ್ಯ. ನಮ್ಮಪ್ಪ ಇಲ್ಲೇ ನೊಗ ಕಳಚ್ಕೊಂಡು ಹೋದದ್ದು ಮರ್ತುಹೋಯ್ತಾ?"

ಸಣ್ಣಯ್ಯ ತಲೆ ತಗ್ಗಿಸಿದ. ಅವನು ಮರೆತಿರಲಿಲ್ಲ. ಆದರೂ ಟವಲು ಮೇಲೇಳಲಿಲ್ಲ, ಅಷ್ಟು ವರ್ಷದ ಅಂಜಿಕೆ ಕೈ ಹಿಡಿದಿತ್ತು. ಮಂಗಳಗೌರಿ ಎದ್ದು, ಶಾಮಿಯಾನದಿಂದ ಹೊರಗೆ ಬಂದು, ಅವನ ಕೈಯಿಂದ ಟವಲು ತೆಗೆದುಕೊಂಡಳು. ಎರಡು ಗಾಡಿಗೂ ಎದುರಿಗೆ, ಓಟದ ಸಾಲು ಬಿಟ್ಟು ಒಂದು ಪಕ್ಕಕ್ಕೆ ನಿಂತಳು. ಗುಂಪಿನಲ್ಲಿ ಯಾರೋ ಮುದುಕ, "ಎಣ್ಣೆಂಗ್ಸು ಎದುರ್ಗೆ ನಿಂತವ್ಳೆ, ಕಾಲು ಕಟ್ತದೆ ಕಣ್ರಲಾ," ಅಂದ. ತಮಟೆಯವನು ಬೆರಗಾಗಿ ಬಡಿಯುವುದನ್ನು ನಿಲ್ಲಿಸಿದ.

ಬಯಲು ಸದ್ದಡಗಿತು.

ಅವಳು ಆ ಗಳಿಗೆಯ ಒಳಗೆ ನಿಂತು ನೋಡಿದಳು. ಎತ್ತಿನ ಕಿವಿ ಹಿಂದಕ್ಕೆ ಹೋದವು. ಗಾಡಿ ಹೊಡೆಯುವವನ ಮೊಣಕಾಲು ಮಡಿಚಿತು. ಬಿಳಿ ಎತ್ತು ಅವಳನ್ನೇ ಎದುರಿಗೆ ನೋಡುತ್ತಿತ್ತು. ಹೆಂಗಸು ಎದುರಾದರೆ ಕಾಲು ಕಟ್ಟಬೇಕು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಅವಳು ಟವಲು ಬೀಸಿದಳು, ಮಣ್ಣೆದ್ದಿತು, ಗಾಡಿಗಳು ಅವಳನ್ನು ದಾಟಿ ಹೋದವು.

ಶಿವಸ್ವಾಮಿ ಬಂದಾಗ ಎತ್ತುಗಳು ನಾಲೆಯಲ್ಲಿ ನೀರು ಕುಡಿಯುತ್ತಿದ್ದವು. ಕಪ್ಪು ಗೆದ್ದ ಸೋಸಲೆಯವರು ಅದನ್ನು ಗಾಡಿಯ ಮೂಕಿಗೆ ಕಟ್ಟಿಕೊಂಡು ಊರ ದಾರಿ ಹಿಡಿದಿದ್ದರು. ಅವನು ದಿಂಬು ತಾನೇ ಹೊತ್ತುಕೊಂಡು ಬಂದಿದ್ದ, ಹೊರುವವರು ಯಾರೂ ಇರಲಿಲ್ಲ. ಖಾಲಿ ಬಯಲು ನೋಡಿದ, ಸೀರೆಯ ಅಂಚಿನ ತುಂಬ ಧೂಳು ಹೊತ್ತು ಚನ್ನಬಸಮ್ಮನ ಜೊತೆ ಕಡಲೆಕಾಯಿ ಸುಲಿಯುತ್ತಿದ್ದ ಹೆಂಡತಿಯನ್ನು ನೋಡಿದ.

"ನಂಗೆ ಯಾರೂ ಕಾಯಲಿಲ್ವಾ?" ಅಂದ.

ಮಂಗಳಗೌರಿ ಶಾಮಿಯಾನದ ಕಡೆ ಕೈ ತೋರಿಸಿದಳು.

"ಕುರ್ಚಿ ಕಾಯ್ತಾ ಇದೆಯಲ್ಲ ರೀ. ಹೋಗಿ ಕೂತ್ಕೊಳ್ಳಿ."